ರಾಕರ್ ಅಳೆದ ಮೇಲೆಯೇ ಕ್ಯಾಮ್: ಸ್ಟಾಕ್ ಕ್ಲಾಸ್ ಡ್ರ್ಯಾಗ್ ಎಂಜಿನ್‌ಗೆ ವಾಲ್ವ್‌ಟ್ರೇನ್ ಆರಿಸುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ಎನ್‌ಎಚ್‌ಆರ್‌ಎ (ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್) ನಡೆಸುವ ಡ್ರ್ಯಾಗ್ ರೇಸ್‌ಗಳಲ್ಲಿ, ಅಂದರೆ ನೇರ ದಾರಿಯಲ್ಲಿ ಇಬ್ಬರ ನಡುವಿನ ಓಟಗಳಲ್ಲಿ, ಸ್ಟಾಕ್ ಎಲಿಮಿನೇಟರ್ ಅನ್ನೋ ವಿಭಾಗ ಇದೆ. ನೋಡೋಕೆ ಶೋರೂಮ್‌ನಿಂದ ಬಂದ ಹಳೇ ಕಾರು. ಫ್ಯಾಕ್ಟರಿ ನಮೂನೆಯದೇ ಕಾರ್ಬ್ಯುರೇಟರ್, ಇನ್‌ಟೇಕ್ ಮ್ಯಾನಿಫೋಲ್ಡ್, ಪೋರ್ಟಿಂಗ್ (ಗಾಳಿ ದಾರಿ ಕೊರೆದು ಅಗಲ ಮಾಡುವುದು) ಕಾಣದ ಹೆಡ್, 9 ಇಂಚಿನ ಸ್ಲಿಕ್ ಟೈರ್. ಆದರೂ ಹಸಿರು ದೀಪ ಬಿದ್ದ ಕೂಡಲೇ ಎಷ್ಟೋ ಕಾರುಗಳ ಮುಂದಿನ ಚಕ್ರ ನೆಲ ಬಿಡುತ್ತದೆ. ಹಾಗಾದರೆ ಕೆಲಸ ನಡೆದಿರೋದು ಎಲ್ಲಿ? ಬಹುಪಾಲು ವಾಲ್ವ್ ಕವರ್‌ನ ಕೆಳಗೆ.

ಕಾರಣ ಸರಳ. ಸ್ಟಾಕ್‌ನಲ್ಲಿ ವಾಲ್ವ್ ಎಷ್ಟು ಎತ್ತರಕ್ಕೆ ತೆರೆಯಬೇಕು ಅನ್ನೋದು ಫ್ಯಾಕ್ಟರಿ ಲೆಕ್ಕಕ್ಕೆ ಕಟ್ಟುಬಿದ್ದಿದೆ. ಎಷ್ಟು ಹೊತ್ತು ತೆರೆದಿರಬೇಕು ಅನ್ನೋದಕ್ಕೆ ಕಟ್ಟಿಲ್ಲ. ಲಿಫ್ಟ್ ಅಷ್ಟೇ, ಡ್ಯುರೇಷನ್ ನಿಮ್ಮಿಷ್ಟ. ಹೀಗಾಗಿ ಇಲ್ಲಿನ ಕ್ಯಾಮ್ ವಾಲ್ವನ್ನು ಸರಕ್ಕನೆ ಎತ್ತಿ, ಮೇಲೆ ಆದಷ್ಟು ಹೊತ್ತು ಹಿಡಿದು, ಸರಕ್ಕನೆ ಇಳಿಸುತ್ತದೆ. ಈ ಚಲನೆಯನ್ನು ಒಂದು ಥೌ ಕೂಡ ಕಳೆಯದೆ ವಾಲ್ವ್‌ವರೆಗೆ ತಲುಪಿಸೋದೇ ರಾಕರ್, ಪುಶ್‌ರಾಡ್, ಸ್ಪ್ರಿಂಗ್‌ಗಳ ಕೆಲಸ. ಕ್ಯಾಮ್ ಅಂದರೆ ಲೋಬ್ ಅನ್ನೋ ಉಬ್ಬುಗಳಿರುವ, ತಿರುಗುವ ದಂಡ. ಲೋಬ್ ತನ್ನ ಮೇಲೆ ಕೂತ ಲಿಫ್ಟರನ್ನು ಎತ್ತುತ್ತದೆ, ಲಿಫ್ಟರ್ ಪುಶ್‌ರಾಡ್ ಅನ್ನೋ ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ಸೀಸಾ ಹಲಗೆಯಂಥ ರಾಕರ್‌ನ ಒಂದು ತುದಿ ಎತ್ತುತ್ತದೆ, ಇನ್ನೊಂದು ತುದಿ ವಾಲ್ವನ್ನು ಒತ್ತಿ ತೆರೆಯುತ್ತದೆ. ಮುಚ್ಚೋದು ಸ್ಪ್ರಿಂಗ್. ಇದೆಲ್ಲ ಸೇರಿ ವಾಲ್ವ್‌ಟ್ರೇನ್. ಥೌ ಅಂದರೆ ಇಂಚಿನ ಸಾವಿರ ಭಾಗಗಳಲ್ಲಿ ಒಂದು. ಈ ಲೇಖನದ ಅಳತೆಗಳೆಲ್ಲ ಇಂಚಿನಲ್ಲೇ ಇವೆ. ಈ ಎಂಜಿನ್‌ಗಳ ಲೋಕದಲ್ಲಿ ಮಿಲಿಮೀಟರ್ ಮಾತಾಡಿದರೆ ಯಾರಿಗೂ ಅರ್ಥ ಆಗೋದಿಲ್ಲ.

ಹೆಚ್ಚಿನವರು ಮೊದಲು ಕ್ಯಾಮ್ ಕೊಳ್ಳುತ್ತಾರೆ, ಆಮೇಲೆ ರಾಕರ್ ಹುಡುಕುತ್ತಾರೆ. ಬೇರೆ ಕ್ಲಾಸುಗಳಲ್ಲಿ ಅದು ನಡೆಯುತ್ತದೆ. ಸ್ಟಾಕ್‌ನಲ್ಲಿ ಕ್ರಮ ಉಲ್ಟಾ ಇರಬೇಕು ಅನ್ನೋದು ನನ್ನ ವಾದ. ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಎಂಜಿನ್ ತೆಗೆದುಕೊಳ್ಳೋಣ: 1969ರ ಕಮಾರೊ ಎಸ್‌ಎಸ್‌ನಲ್ಲಿ ಬಂದ 350 ಘನ ಇಂಚಿನ, 300 ಅಶ್ವಶಕ್ತಿಯ ಸ್ಮಾಲ್ ಬ್ಲಾಕ್ ಶೆವಿ, ಅಂದರೆ ಶೆವರ್ಲೆಯ ಚಿಕ್ಕ ಗಾತ್ರದ ವಿ8.

ಮೊದಲು ರೂಲ್‌ಬುಕ್

ಬೋರ್ ಹೊಡೆಯುವ ಕೆಲಸ, ಆದರೆ ಇದಿಲ್ಲದೆ ಒಂದು ನಟ್ ಕೂಡ ಕೊಳ್ಳಬೇಡಿ. ನಿಮ್ಮ ಕಾರಿನ ವರ್ಷ, ಮಾಡೆಲ್, ಎಂಜಿನ್‌ಗೆ ಎನ್‌ಎಚ್‌ಆರ್‌ಎ ಕೊಟ್ಟಿರುವ ಸ್ಪೆಸಿಫಿಕೇಷನ್ ಹಾಳೆ ತೆಗೆಯಿರಿ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಲಿಫ್ಟ್, ಲಿಫ್ಟರ್ ಹೈಡ್ರಾಲಿಕ್ಕೋ ಸಾಲಿಡ್ಡೋ, ರಾಕರ್‌ನ ನಮೂನೆ ಮತ್ತು ಅನುಪಾತ, ವಾಲ್ವ್ ಅಳತೆ, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಗ್ಯಾರೇಜ್ ಗೋಡೆಗೆ ಅಂಟಿಸಿ.

ಆಮೇಲೆ ಈ ವರ್ಷದ ರೂಲ್‌ಬುಕ್‌ನ ಸ್ಟಾಕ್ ವಿಭಾಗ ಓದಿ. ರೋಲರ್ ಟಿಪ್ ರಾಕರ್ ಒಪ್ಪುತ್ತಾರಾ, ಬದಲಿ ರಾಕರ್‌ಗಳಲ್ಲಿ ಯಾವುದಕ್ಕೆ ಅನುಮತಿ ಇದೆ, ಸ್ಟಡ್ (ರಾಕರ್ ಕೂರುವ ಗೂಟ) ಬದಲಿಸಬಹುದಾ, ರಿಟೇನರ್ (ಸ್ಪ್ರಿಂಗ್ ತಲೆಯ ಮೇಲಿನ ಬಿಲ್ಲೆ) ಯಾವ ಲೋಹದ್ದಿರಬಹುದು, ಜೇನುಗೂಡಿನ ಆಕಾರದ ಬೀಹೈವ್ ಸ್ಪ್ರಿಂಗ್ ನಡೆಯುತ್ತದಾ ಅನ್ನೋ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲೇ ಇರಬೇಕು. ಇಂಥ ಸಾಲುಗಳು ಕಾಲಕಾಲಕ್ಕೆ ಬದಲಾಗುತ್ತವೆ. ಹತ್ತು ವರ್ಷ ಹಿಂದೆ ಯಾರೋ ಹೇಳಿದ್ದನ್ನು ನಂಬಿ ಪಾರ್ಟ್ ತರಿಸಬೇಡಿ. ಅನುಮಾನ ಬಂದರೆ ಎನ್‌ಎಚ್‌ಆರ್‌ಎಯ ಟೆಕ್ (ತಾಂತ್ರಿಕ ತಪಾಸಣೆ) ವಿಭಾಗಕ್ಕೇ ಬರೆದು ಕೇಳಿ, ಉತ್ತರವನ್ನು ಫೈಲ್‌ನಲ್ಲಿಡಿ. ಗೆದ್ದ ಕಾರಿನ ಎಂಜಿನ್ ಬಿಚ್ಚಿಸಿ ನೋಡುವ ಪದ್ಧತಿ ಇಲ್ಲಿದೆ. ಗೆದ್ದ ಮೇಲೆ ಸೋಲುವುದಕ್ಕಿಂತ ಮೊದಲೇ ಕೇಳುವುದು ವಾಸಿ, ಅಲ್ವಾ?

ಲೆಕ್ಕ ಎಲ್ಲಿ ತಪ್ಪುತ್ತದೆ

ನಮ್ಮ 350ರ ಫ್ಯಾಕ್ಟರಿ ಲಿಫ್ಟ್ ಇನ್‌ಟೇಕ್‌ನಲ್ಲಿ 0.390, ಎಕ್ಸಾಸ್ಟ್‌ನಲ್ಲಿ 0.410. ರಾಕರ್ ಅನುಪಾತ 1.5. ಅಂದರೆ ಕ್ಯಾಮ್ ಲೋಬ್ 0.260 ಎತ್ತಿದರೆ ವಾಲ್ವ್ 0.390 ತೆರೆಯಬೇಕು. ಎಕ್ಸಾಸ್ಟ್ ಲೋಬ್ 0.273.

ಇದು ಕಾಗದದ ಮೇಲಿನ ಮಾತು. ತಗಡು ಒತ್ತಿ ಮಾಡಿದ ಫ್ಯಾಕ್ಟರಿ ರಾಕರ್ ಮೇಲೆ 1.5 ಅಂತ ಹೆಸರಿದ್ದರೂ ಕೈಯಲ್ಲಿರೋದು 1.45 ಆಗಿರಬಹುದು. ಆಗ 0.260 ಲೋಬ್‌ನಿಂದ ಸಿಗೋದು 0.377 ಮಾತ್ರ. 13 ಥೌ ಸುಮ್ನೆ ಹೋಯಿತು. ಎತ್ತರಕ್ಕೇ ಮಿತಿ ಇರುವ ಕ್ಲಾಸಿನಲ್ಲಿ 13 ಥೌ ಬಿಟ್ಟುಕೊಡೋದು ದುಬಾರಿ. ಅದೇ ಎಲ್ಲೋ ಒಂದು ರಾಕರ್ 1.52 ಬಂದರೆ 0.395 ಆಗುತ್ತದೆ, ಕಾರು ನಿಯಮದ ಹೊರಗೆ.

ಟೆಕ್‌ನವರು ಅಳೆಯೋದು ವಾಲ್ವ್‌ನ ಲಿಫ್ಟ್. ಆದ್ದರಿಂದ ನಿಮ್ಮ ರಾಕರ್‌ಗಳ ನಿಜವಾದ ಅನುಪಾತ ಗೊತ್ತಾದ ಮೇಲೆ, ಅದಕ್ಕೆ ತಕ್ಕ ಲೋಬ್ ಬೇಕು ಅಂತ ಕ್ಯಾಮ್ ಗ್ರೈಂಡರ್‌ಗೆ ಹೇಳಬಹುದು. ರಾಕರ್ ಮೊದಲು, ಕ್ಯಾಮ್ ಆಮೇಲೆ ಅಂದಿದ್ದು ಇದಕ್ಕೇ.

ರಾಕರ್ ಆರಿಸುವುದು

ಸ್ಮಾಲ್ ಬ್ಲಾಕ್ ಶೆವಿಯ ರಾಕರ್ ಅಂದರೆ ದೋಣಿಯಾಕಾರದ ತಗಡು, ನಡುವೆ ಅರ್ಧಗೋಳದ ಬಾಲ್, ಸ್ಟಡ್, ನಟ್. ಪಾಂಟಿಯಾಕ್‌ನ ಕ್ಲೇಟನ್ ಲೀಚ್ ರೂಪಿಸಿದ ಈ ವಿನ್ಯಾಸ 1955ರಲ್ಲಿ ಶೆವಿಗೂ ಬಂತು. ಅಗ್ಗ, ಹಗುರ. ಹಗುರ ಅನ್ನೋ ಮಾತನ್ನು ನೆನಪಿಡಿ. ಅಲ್ಯೂಮಿನಿಯಮ್ ರೋಲರ್ ರಾಕರ್ ನೋಡೋಕೆ ಚೆಂದ, ಆದರೆ ತುದಿಯಲ್ಲಿ ರೋಲರ್, ಪಿನ್ ಸೇರಿದಾಗ ವಾಲ್ವ್ ಕಡೆ ತೂಕ ಜಾಸ್ತಿ ಆಗಬಹುದು. ಪಿವಟ್‌ನಿಂದ ದೂರ ಇರುವ ತೂಕವೇ ಸ್ಪ್ರಿಂಗ್‌ಗೆ ಹೆಚ್ಚು ಭಾರ. ಹಾಗಾಗಿ ನಿಯಮ ಸ್ಟ್ಯಾಂಪ್ಡ್ ರಾಕರನ್ನೇ ಹಾಕು ಅಂದರೆ ಬೇಜಾರು ಬೇಡ.

ಮೊದಲು ಯಾವ ಹೆಡ್ ಅನ್ನೋದು ನೋಡಿ. ಪುಶ್‌ರಾಡನ್ನು ನೇರ ಹಿಡಿಯುವ ಕೆಲಸ ಯಾರದು? ನಮ್ಮ 1969ರ ಹೆಡ್‌ನಲ್ಲಿ ಅದನ್ನು ಹೆಡ್‌ನ ಕಿರಿದಾದ ಪುಶ್‌ರಾಡ್ ಕಿಂಡಿಯೇ ಮಾಡುತ್ತದೆ. ಹೆಚ್ಚು ಪವರ್‌ನ ಕೆಲವು ಹೆಡ್‌ಗಳಲ್ಲಿ ಗೈಡ್ ಪ್ಲೇಟ್ (ಪುಶ್‌ರಾಡ್ ಹಿಡಿಯುವ ಸೀಳಿರುವ ತಗಡು) ಇರುತ್ತದೆ, ಅದಕ್ಕೆ ಗಟ್ಟಿ ಮಾಡಿದ ಪುಶ್‌ರಾಡ್ ಬೇಕೇ ಬೇಕು. 1980ರ ದಶಕದ ಕೊನೆಯಿಂದ ಬಂದ ಹೆಡ್‌ಗಳಲ್ಲಿ ರಾಕರ್ ತುದಿಗೇ ಎರಡು ಕಿವಿ ಇದ್ದು ವಾಲ್ವ್ ಸ್ಟೆಮ್ (ವಾಲ್ವ್‌ನ ಕಡ್ಡಿ) ಹಿಡಿದುಕೊಳ್ಳುತ್ತದೆ. ಅವು ಸೆಲ್ಫ್ ಅಲೈನಿಂಗ್ ರಾಕರ್. ಕಿವಿ ಇರುವ ರಾಕರ್ ಮತ್ತು ಗೈಡ್ ಪ್ಲೇಟ್ ಎರಡನ್ನೂ ಒಟ್ಟಿಗೆ ಹಾಕಬಾರದು. ಇಬ್ಬರು ಬೇರೆ ಬೇರೆ ದಿಕ್ಕಿಗೆ ಎಳೆದರೆ ಸವೆಯೋದು ಸ್ಟೆಮ್. ಇಬ್ಬರನ್ನೂ ಬಿಡುವುದು ಇನ್ನೂ ಅಪಾಯ, ರಾಕರ್ ಪಕ್ಕಕ್ಕೆ ಜಾರುತ್ತದೆ.

ರಾಕರ್ ಎಷ್ಟು ಬೇಕು? ಎಂಜಿನ್‌ಗೆ 16. ನೀವು ಮೂರು ಸೆಟ್ಟಾದರೂ ಗುಡ್ಡೆ ಹಾಕಿ. ಹಳೆಯದು, ಹೊಸದು ಎರಡೂ ನಡೆಯುತ್ತದೆ, ನಿಯಮ ಒಪ್ಪಿದರೆ ಸಾಕು. ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ಬಾಲ್ ಕೂರುವ ಗುಳಿ ಬೂದು ಬಣ್ಣದಲ್ಲಿ ನಯವಾಗಿ, ಒಂದೇ ಸಮ ಕಾಣಬೇಕು. ನೀಲಿ ತಿರುಗಿದ್ದರೆ ಎಣ್ಣೆ ಸಾಲದೆ ಬೆಂದಿದೆ ಅಂತ ಅರ್ಥ. ಬೆಳ್ಳಿ ಗೀರುಗಳಿದ್ದರೆ ಲೋಹ ಕಿತ್ತಿದೆ. ಎರಡೂ ಕಸದ ಡಬ್ಬಿಗೆ. ಈಗ ವಾಲ್ವ್ ಕಡೆಯ ತುದಿಯ ಮೇಲೆ ಉಗುರು ಎಳೆಯಿರಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಸವೆತದ ಮೆಟ್ಟಿಲಿದೆ, ಅದೂ ಬೇಡ. ಪುಶ್‌ರಾಡ್ ಕೂರುವ ಬಟ್ಟಲಿನ ಎಣ್ಣೆ ತೂತಿನೊಳಗೆ ಸಣ್ಣ ತಂತಿ ಹಾಕಿ ನೋಡಿ.

ಬಾಲ್‌ಗಳಲ್ಲಿ ಎಣ್ಣೆ ಹರಿಯಲು ಗೀರು ಕೊರೆದದ್ದು ಸಿಗುತ್ತದೆ, ನಿಯಮ ಬಿಟ್ಟರೆ ಅದನ್ನೇ ತೆಗೆದುಕೊಳ್ಳಿ. ಒಮ್ಮೆ ಜೊತೆಯಾಗಿ ಓಡಿದ ರಾಕರ್ ಮತ್ತು ಬಾಲ್ ಜೋಡಿಯನ್ನು ಯಾವತ್ತೂ ಅಗಲಿಸಬೇಡಿ.

ಅಳತೆ: ನಿಧಾನವೇ ಪ್ರಧಾನ

ಬೇಕಾಗುವ ಸಾಮಾನು: ಎರಡು ಡಯಲ್ ಇಂಡಿಕೇಟರ್, ಮ್ಯಾಗ್ನೆಟಿಕ್ ಸ್ಟ್ಯಾಂಡ್, ಮೆತ್ತನೆಯ ಚೆಕಿಂಗ್ ಸ್ಪ್ರಿಂಗ್ ಒಂದು ಜೊತೆ, ಒಂದು ಸಾಲಿಡ್ ಲಿಫ್ಟರ್, ಗೊತ್ತಿರುವ ಅಳತೆಯ ಒಂದು ಕ್ಯಾಮ್. ಹೈಡ್ರಾಲಿಕ್ ಲಿಫ್ಟರ್ ಇಟ್ಟು ಅಳೆದರೆ ಒಳಗೆ ಎಣ್ಣೆಯ ಮೇಲೆ ನಿಂತ ಪ್ಲಂಜರ್ ಕುಸಿದು ಸುಳ್ಳು ಲೆಕ್ಕ ಬರುತ್ತದೆ.

ಕ್ಯಾಮ್‌ನ ಬೇಸ್ ಸರ್ಕಲ್, ಅಂದರೆ ಉಬ್ಬಿಲ್ಲದ ದುಂಡು ಭಾಗದ ಮೇಲೆ ಲಿಫ್ಟರ್ ನಿಲ್ಲಿಸಿ. ರಾಕರ್ ನಟ್ ಬಿಗಿಯುತ್ತಾ ಎರಡು ಬೆರಳಲ್ಲಿ ಪುಶ್‌ರಾಡ್ ಹಿಡಿದು ಮೇಲೆ ಕೆಳಗೆ ಆಡಿಸಿ. ಆಟ ನಿಂತು, ಆದರೆ ಇನ್ನೂ ಸಲೀಸಾಗಿ ತಿರುಗುವ ಜಾಗವೇ ಝೀರೋ ಲ್ಯಾಶ್. ಹಳೇ ಕ್ಯಾಸ್ಟ್ ಐರನ್ ಬುಲೆಟ್‌ನ ಟ್ಯಾಪೆಟ್ ಸೆಟ್ ಮಾಡಿದವರಿಗೆ ಈ ಹದ ಬೆರಳಿಗೇ ಗೊತ್ತು.

ಈಗ ಒಂದು ಇಂಡಿಕೇಟರ್‌ನ ಮೊನೆ ರಿಟೇನರ್ ಮೇಲೆ, ಇನ್ನೊಂದರದ್ದು ಲಿಫ್ಟರ್ ಅಥವಾ ಪುಶ್‌ರಾಡ್ ಬುಡದ ಮೇಲೆ. ರಿಟೇನರ್ ಮೇಲಿನದು ವಾಲ್ವ್ ಸ್ಟೆಮ್‌ಗೆ ಸರಿಯಾಗಿ ಸಮಾನಾಂತರ ಇರಬೇಕು. ಈ ಹೆಡ್‌ನಲ್ಲಿ ವಾಲ್ವ್ 23 ಡಿಗ್ರಿ ವಾಲಿರುವುದರಿಂದ ಕಣ್ಣು ಸುಲಭವಾಗಿ ಮೋಸ ಹೋಗುತ್ತದೆ. ಇಂಡಿಕೇಟರ್ 10 ಡಿಗ್ರಿ ಓರೆಯಾದರೆ 0.390 ಲಿಫ್ಟ್ 0.396 ಅಂತ ತೋರಿಸುತ್ತದೆ. ಇಲ್ಲದ 6 ಥೌ ಇದೆ ಅಂತ ನಂಬಿ ಲೋಬ್ ಕಡಿಮೆ ಮಾಡಿಸಿಕೊಂಡವರು ಇದ್ದಾರೆ.

ಎರಡನ್ನೂ ಸೊನ್ನೆಗೆ ತಂದು ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ಮುಳ್ಳು ವಾಪಸ್ ಸೊನ್ನೆಗೇ ಬಂತಾ? ಬರದಿದ್ದರೆ ಸ್ಟ್ಯಾಂಡ್ ಅಲುಗಿದೆ, ಮತ್ತೆ ಶುರು. ಬಂದರೆ ವಾಲ್ವ್ ಲಿಫ್ಟ್ ಭಾಗಿಸು ಲೋಬ್ ಲಿಫ್ಟ್, ಅದೇ ಆ ರಾಕರ್‌ನ ನಿಜ ಅನುಪಾತ. ರಾಕರ್ ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ನಂಬರ್ ಹಾಕಿ, ನೋಟ್‌ಬುಕ್‌ನಲ್ಲಿ ಅನುಪಾತ ಬರೆಯಿರಿ. ಎಲ್ಲಾ ರಾಕರನ್ನೂ ಅದೇ ವಾಲ್ವ್, ಅದೇ ಲೋಬ್, ಅದೇ ಪುಶ್‌ರಾಡ್ ಮೇಲೆ ಅಳೆಯಬೇಕು. ಸಿಲಿಂಡರ್ ಬದಲಿಸುತ್ತಾ ಹೋದರೆ ವ್ಯತ್ಯಾಸ ರಾಕರ್‌ನದೋ ಸ್ಟಡ್‌ನದೋ ಗೊತ್ತಾಗದು.

ಅನುಪಾತ ಒಂದೇ ಸ್ಥಿರ ಸಂಖ್ಯೆಯೂ ಅಲ್ಲ. ತೆರೆಯುವ ಶುರುವಿನಲ್ಲಿ ಒಂದು, ಪೂರ್ತಿ ಎತ್ತಿದಾಗ ಇನ್ನೊಂದು. ಲೋಬ್ 0.100 ಎತ್ತಿದಾಗ ವಾಲ್ವ್ ಎಷ್ಟು, 0.200ಕ್ಕೆ ಎಷ್ಟು ಅಂತಲೂ ಬರೆದಿಡಿ. ಕೊನೆಯ ಲಿಫ್ಟ್ ಒಂದೇ ಇರುವ ಎರಡು ರಾಕರ್‌ಗಳಲ್ಲಿ ಶುರುವಿನಲ್ಲಿ ಬೇಗ ಎತ್ತುವುದು ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಸ್ಟಾಕ್‌ನಲ್ಲಿ ಇದು ಬಿಟ್ಟಿ ಸಿಗುವ ಲಾಭ.

ವಿಂಗಡಣೆ, ಆಮೇಲೆ ಕ್ಯಾಮ್ ಆರ್ಡರ್

ನೋಟ್‌ಬುಕ್ ತೆರೆದು ಯೋಚಿಸಿ. ನಿಮ್ಮ ಎಂಟು ಇನ್‌ಟೇಕ್ ರಾಕರ್‌ಗಳಲ್ಲಿ ಏಳು 1.45, ಒಂದು 1.48 ಇದೆ ಅಂದುಕೊಳ್ಳಿ. 1.48ರದ್ದು 0.390 ದಾಟಬಾರದು ಅಂದರೆ ಲೋಬ್ 0.2635ಕ್ಕೆ ನಿಲ್ಲಬೇಕು. ಆಗ ಉಳಿದ ಏಳು ಸಿಲಿಂಡರ್‌ಗೆ 0.382 ಮಾತ್ರ. ಒಬ್ಬನಿಗಾಗಿ ಏಳು ಜನ ಉಪವಾಸ. ಆ ಒಂದನ್ನು ತೆಗೆದು 1.45ರದ್ದು ಹಾಕಿದರೆ ಲೋಬ್ 0.268ರ ಹತ್ತಿರ ಹೋಗಬಹುದು, ಎಂಟೂ ವಾಲ್ವ್ ಮಿತಿಯ ಅಂಚಿಗೆ ಬರುತ್ತವೆ. ಹಾಗಾಗಿ ಅನುಪಾತ ದೊಡ್ಡದಿರುವ ರಾಕರ್‌ಗಿಂತ ಒಂದೇ ಸಮ ಇರುವ ಎಂಟು ರಾಕರ್ ಮುಖ್ಯ.

ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ ಬೇರೆ ಲೋಬ್ ಇರುವುದರಿಂದ 16 ಕೂಡ ಒಂದೇ ಸಮ ಇರಬೇಕಿಲ್ಲ. ಎಂಟರ ಎರಡು ಗುಂಪು ಸಾಕು. ಒಂದು ಗುಂಪು ಇನ್‌ಟೇಕ್‌ಗೆ, ಇನ್ನೊಂದು ಎಕ್ಸಾಸ್ಟ್‌ಗೆ. ಪ್ರತಿ ಗುಂಪಿನಿಂದ ಒಂದೆರಡು ಸ್ಪೇರ್ ತೆಗೆದಿಡಿ.

ಈಗ ಗ್ರೈಂಡರ್‌ಗೆ ಫೋನ್ ಮಾಡಿ ಎರಡೂ ಗುಂಪಿನ ಅನುಪಾತ ಹೇಳಿ. ಮಿತಿಗೆ ಎರಡು ಥೌ ಕೆಳಗೆ, ಅಂದರೆ ವಾಲ್ವ್‌ನಲ್ಲಿ 0.388 ಮತ್ತು 0.408 ಬರುವಂತೆ ಕೇಳಿ. ಟೆಕ್‌ನವರ ಇಂಡಿಕೇಟರ್ ನಿಮ್ಮದಕ್ಕಿಂತ ಒಂದು ಥೌ ಜಾಸ್ತಿ ತೋರಿಸಿದರೂ ಎದೆ ಡವಡವ ಅನ್ನಬಾರದು.

ಕ್ಯಾಮ್ ಮಾತು ಬಂದಾಗ ಇನ್ನೊಂದು ವಿಷಯ. ಫ್ಲಾಟ್ ಟ್ಯಾಪೆಟ್, ಅಂದರೆ ರೋಲರ್ ಇಲ್ಲದ ಚಪ್ಪಟೆ ಅಡಿಯ ಲಿಫ್ಟರ್ ಎಷ್ಟು ವೇಗವಾಗಿ ಏರಬಹುದು ಅನ್ನೋದನ್ನು ಅದರ ಅಗಲವೇ ತೀರ್ಮಾನಿಸುತ್ತದೆ. ವೇಗ ಜಾಸ್ತಿ ಆದಷ್ಟೂ ಲೋಬ್ ತಾಗುವ ಜಾಗ ಲಿಫ್ಟರ್‌ನ ಅಂಚಿನ ಕಡೆ ಸರಿಯುತ್ತದೆ, ಅಂಚು ದಾಟಿದರೆ ಲೋಬ್ ಕೆರೆದುಹೋಗುತ್ತದೆ. ಶೆವಿಯ 0.842 ಲಿಫ್ಟರ್‌ಗೆ ಕ್ಯಾಮ್‌ನ ಒಂದು ಡಿಗ್ರಿಗೆ 7.35 ಥೌ ಮೇಲ್ಮಿತಿ. ಫೋರ್ಡ್‌ನ 0.875ಕ್ಕೆ 7.64, ಕ್ರೈಸ್ಲರ್‌ನ 0.904ಕ್ಕೆ 7.89. ನಿಜವಾದ ಲೋಬ್ ಇದಕ್ಕಿಂತ ಸ್ವಲ್ಪ ಕೆಳಗೇ ಇರಬೇಕು. ಎತ್ತರ ಕಟ್ಟಿಹಾಕಿದ ಕ್ಲಾಸಿನಲ್ಲಿ ಬೇಗ ಏರುವುದೇ ಆಟ ಆದ್ದರಿಂದ, ಕ್ರೈಸ್ಲರ್‌ನವರಿಗೆ ಹುಟ್ಟಿನಿಂದಲೇ ಒಂದು ಅನುಕೂಲ ಇದೆ. ಕ್ರೈಸ್ಲರ್‌ಗೆ ಕೊರೆದ ಲೋಬ್‌ನ ನಕಲು ನನಗೂ ಬೇಕು ಅಂತ ಶೆವಿ ಮಾಲೀಕರು ಹಟ ಹಿಡಿಯಬಾರದು.

ಪುಶ್‌ರಾಡ್: ಉದ್ದ ಮತ್ತು ಗಟ್ಟಿತನ

ಹಳೇ ಕಬ್ಬಿಣದ ಹೆಡ್‌ಗಳಿಗೆ ಎಷ್ಟು ಸಲ ವಾಲ್ವ್ ಸೀಟ್ ಗ್ರೈಂಡ್ ಆಗಿದೆಯೋ ಯಾರಿಗೆ ಗೊತ್ತು. ಪ್ರತಿ ಸಲ ವಾಲ್ವ್ ಒಳಗೆ ಕೂರುತ್ತದೆ, ಸ್ಟೆಮ್ ತುದಿ ಅಷ್ಟೇ ಮೇಲೆ ಬರುತ್ತದೆ. ಮೊದಲು 16 ಸ್ಟೆಮ್‌ಗಳ ಎತ್ತರ ಅಳೆದು ಸಮ ಮಾಡಿಸಿ. ತುದಿ ಉಜ್ಜುವುದಾದರೆ ಕೆಲವೇ ಥೌ. ಜಾಸ್ತಿ ಉಜ್ಜಿದರೆ ಗಟ್ಟಿ ಪದರ ಹೋಗಿ ಮೆತ್ತನೆ ಲೋಹ ಸಿಗುತ್ತದೆ.

ಆಮೇಲೆ ಉದ್ದ ಹೊಂದಿಸಬಹುದಾದ ಚೆಕಿಂಗ್ ಪುಶ್‌ರಾಡ್ ತೆಗೆದುಕೊಳ್ಳಿ. ಫ್ಯಾಕ್ಟರಿ ಉದ್ದ ಸುಮಾರು 7.8 ಇಂಚು, ಅಲ್ಲಿಂದ ಶುರು ಮಾಡಿ. ಸ್ಟೆಮ್ ತುದಿಗೆ ಮಾರ್ಕರ್ ಬಳಿದು, ಚೆಕಿಂಗ್ ಸ್ಪ್ರಿಂಗ್ ಇಟ್ಟು ಎಂಜಿನನ್ನು ಕೆಲವು ಸುತ್ತು ತಿರುಗಿಸಿ. ರಾಕರ್ ಬಿಚ್ಚಿದಾಗ ಶಾಯಿ ಅಳಿಸಿದ ಪಟ್ಟಿ ಕಾಣುತ್ತದೆ. ಪಟ್ಟಿ ಎಕ್ಸಾಸ್ಟ್ ಪೋರ್ಟ್ ಕಡೆ ಸರಿದಿದ್ದರೆ ಪುಶ್‌ರಾಡ್ ಉದ್ದ ಆಯಿತು, ಇನ್‌ಟೇಕ್ ಕಡೆ ಸರಿದಿದ್ದರೆ ಗಿಡ್ಡ. ಪಟ್ಟಿ ನಡುವೆ ಇರಲೇಬೇಕು ಅಂತ ಎಲ್ಲರೂ ಹಟ ಮಾಡುತ್ತಾರೆ. ನನ್ನ ಕೇಳಿದರೆ ಪಟ್ಟಿ ಆದಷ್ಟು ಕಿರಿದಾಗಿರೋದು ಇನ್ನೂ ಮುಖ್ಯ. ಕಿರಿದು ಅಂದರೆ ರಾಕರ್ ಸ್ಟೆಮ್ ಮೇಲೆ ಕಡಿಮೆ ಜಾರುತ್ತಿದೆ, ಸ್ಟೆಮ್ ಓಡಾಡುವ ಗೈಡ್ ಮೇಲೆ ಪಕ್ಕದ ಒತ್ತಡ ಕಡಿಮೆ. 0.410ರಷ್ಟು ಸಣ್ಣ ಲಿಫ್ಟ್‌ನಲ್ಲಿ ಇದು ಕಷ್ಟದ ಕೆಲಸವಲ್ಲ. ಉದ್ದ ಬದಲಿಸಿದರೆ ಅನುಪಾತವೂ ಒಂದಿಷ್ಟು ಬದಲಾಗುತ್ತದೆ, ಆದ್ದರಿಂದ ಈ ಕೆಲಸ ಮೇಲೆ ಹೇಳಿದ ಅಳತೆಗೆ ಮುಂಚೆಯೇ ಮುಗಿದಿರಲಿ.

ಗಟ್ಟಿತನದ ವಿಚಾರ. ಫ್ಯಾಕ್ಟರಿ ಪುಶ್‌ರಾಡ್ 5/16 ಇಂಚು ದಪ್ಪ. ಹೆಡ್‌ನ ಕಿಂಡಿ ಕಿರಿದು, ಕಿಂಡಿ ಅಗಲ ಮಾಡಲು ನಿಯಮ ಬಿಡದಿದ್ದರೆ ದಪ್ಪ ಪುಶ್‌ರಾಡ್ ಹಿಡಿಸೋದಿಲ್ಲ. ಇರುವ ದಾರಿ ಅದೇ ಹೊರ ಅಳತೆಯಲ್ಲಿ ಗೋಡೆ ದಪ್ಪ ಇರುವ, ಉದಾಹರಣೆಗೆ 0.080 ಗೋಡೆಯ, ಒಂದೇ ತುಂಡಿನ ಪುಶ್‌ರಾಡ್. ತೂಕ ಸ್ವಲ್ಪ ಏರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಪುಶ್‌ರಾಡ್ ಕಡೆಯ ತೂಕ ನಿಧಾನವಾಗಿ ಚಲಿಸುವ ಕಡೆ ಇದೆ. ಬಾಗುವ ಪುಶ್‌ರಾಡ್ ಮಾತ್ರ ಬಿಲ್ಲಿನ ಹಾಗೆ ವಾಲ್ವನ್ನು ಎಸೆಯುತ್ತದೆ. ಒಂದು ಪರೀಕ್ಷೆ ಮಾಡಿ: ಚೆಕಿಂಗ್ ಸ್ಪ್ರಿಂಗ್ ಇಟ್ಟು ಲಿಫ್ಟ್ ಅಳೆದ ವಾಲ್ವ್‌ನಲ್ಲೇ ನಿಜವಾದ ಸ್ಪ್ರಿಂಗ್ ಹಾಕಿ ಮತ್ತೆ ಅಳೆಯಿರಿ. ಎಷ್ಟು ಥೌ ಕಡಿಮೆ ಬಂತೋ ಅಷ್ಟು ಬಾಗುವಿಕೆ. ಪುಶ್‌ರಾಡ್ ಬದಲಿಸಿ ಅದೇ ಅಳತೆ ಮಾಡಿದರೆ ಯಾವುದು ವಾಸಿ ಅಂತ ಕಣ್ಣೆದುರೇ ಗೊತ್ತಾಗುತ್ತದೆ. ನಿಯಮದ ಮಿತಿಯನ್ನು ಮಾತ್ರ ಚೆಕಿಂಗ್ ಸ್ಪ್ರಿಂಗ್ ಅಳತೆಯ ಮೇಲೇ ಇಟ್ಟುಕೊಳ್ಳಿ, ಅದೇ ದೊಡ್ಡ ಸಂಖ್ಯೆ.

ಸ್ಟಡ್ ಮರೆಯಬೇಡಿ. ನಮ್ಮ ಹೆಡ್‌ನಲ್ಲಿ 3/8 ಇಂಚಿನ, ಒತ್ತಿ ಕೂರಿಸಿದ ಸ್ಟಡ್ ಇದೆ. ಗಟ್ಟಿ ಸ್ಪ್ರಿಂಗ್ ಹಾಕಿದಾಗ ಅದು ಒಂದೊಂದೇ ಥೌ ಮೇಲೆ ಕಿತ್ತು ಬರಬಹುದು. ಒಂದು ಹೆಡ್‌ನ ಎಂಟೂ ಸ್ಟಡ್‌ಗಳ ತಲೆ ಮೇಲೆ ನೇರ ಪಟ್ಟಿ ಇಟ್ಟು ನೋಡಿ, ಒಂದು ಎದ್ದು ನಿಂತಿದ್ದರೆ ತಕ್ಷಣ ಕಾಣುತ್ತದೆ. ಪಿನ್ ಹೊಡೆಯುವುದೋ, ಮರೆ (ಥ್ರೆಡ್) ಕೊರೆದು ಸ್ಕ್ರೂ ಸ್ಟಡ್ ಹಾಕುವುದೋ ರೂಲ್‌ಬುಕ್ ನೋಡಿ ತೀರ್ಮಾನಿಸಿ. ರಾಕರ್ ಸೀಳು ಮತ್ತು ಸ್ಟಡ್ ನಡುವೆ ಎರಡೂ ತುದಿಯಲ್ಲಿ ಕನಿಷ್ಠ 0.060 ಜಾಗ ಇರಬೇಕು. ಅಷ್ಟು ದಪ್ಪದ ತಂತಿ ತೂರಿಸಿ ನೋಡಿದರೆ ಸಾಕು.

ಸ್ಪ್ರಿಂಗ್: ಲಿಫ್ಟ್ ಕಡಿಮೆ, ಕೆಲಸ ಜಾಸ್ತಿ

ಲಿಫ್ಟ್ ಕಡಿಮೆ ಇದೆ, ಫ್ಯಾಕ್ಟರಿ ಸ್ಪ್ರಿಂಗ್ ಸಾಕು ಅನ್ನೋದು ದೊಡ್ಡ ತಪ್ಪು ತಿಳಿವಳಿಕೆ. ಫ್ಯಾಕ್ಟರಿ ಸ್ಪ್ರಿಂಗ್ 1.70 ಎತ್ತರದಲ್ಲಿ ಸುಮಾರು 80 ಪೌಂಡ್, 1.25ಕ್ಕೆ ಒತ್ತಿದಾಗ ಸುಮಾರು 200. ಅಂದರೆ ಇಂಚಿಗೆ 267 ಪೌಂಡ್ ದರ. 0.390 ತೆರೆದಾಗ ಒಟ್ಟು 184 ಪೌಂಡ್. ಈ ಎಂಜಿನ್‌ನ 300 ಅಶ್ವಶಕ್ತಿ 4800 ಆರ್‌ಪಿಎಂನಲ್ಲಿ ಬರುತ್ತಿತ್ತು, ಅಲ್ಲಿಗೆ ಅದು ಸರಿ. ಸ್ಟಾಕ್ ರೇಸರ್ ಅದಕ್ಕಿಂತ ತುಂಬಾ ಮೇಲೆ ತಿರುಗಿಸುತ್ತಾನೆ, ಅದೂ ಸರಕ್ಕನೆ ಎತ್ತಿ ಸರಕ್ಕನೆ ಬಿಡುವ ಲೋಬ್ ಮೇಲೆ.

ಇಲ್ಲಿ ಒಂದು ಸೂಕ್ಷ್ಮ ಇದೆ. 0.650 ಲಿಫ್ಟ್‌ನ ಎಂಜಿನ್‌ನಲ್ಲಿ ಇಂಚಿಗೆ 300 ಪೌಂಡ್ ದರದ ಸ್ಪ್ರಿಂಗ್ ತೆರೆದಾಗ 195 ಪೌಂಡ್ ಸೇರಿಸುತ್ತದೆ. ನಮ್ಮ 0.390ರಲ್ಲಿ ಅದೇ ಸ್ಪ್ರಿಂಗ್ ಸೇರಿಸೋದು 117 ಮಾತ್ರ. ತೆರೆದಾಗಿನ ಒತ್ತಡ ಬೇಕಾದರೆ ಅದನ್ನು ಸೀಟ್ ಮೇಲಿನ ಒತ್ತಡದಿಂದಲೇ ತರಬೇಕು. ಸೀಟ್ 110 ಇಟ್ಟರೆ ತೆರೆದಾಗ 227 ಸಿಗುತ್ತದೆ. ಇನ್ನೂ ಬೇಕು ಅಂತ ಏರಿಸುತ್ತಾ ಹೋದರೆ ಫ್ಲಾಟ್ ಟ್ಯಾಪೆಟ್ ಲೋಬ್, ಬಾಲ್, ಒತ್ತಿದ ಸ್ಟಡ್, ಈ ಮೂರರಲ್ಲಿ ಒಂದು ಸಾಯುತ್ತದೆ. ಹಾಗಾಗಿ ಪೌಂಡ್ ಏರಿಸುವ ಮುಂಚೆ ತೂಕ ಇಳಿಸಿ. ನಿಯಮ ಬಿಟ್ಟರೆ ಬೀಹೈವ್ ಸ್ಪ್ರಿಂಗ್ ಒಳ್ಳೇ ದಾರಿ. ಅದರ ತಲೆ ಕಿರಿದು, ರಿಟೇನರ್ ಚಿಕ್ಕದು, ಹಗುರ. ಸುತ್ತುಗಳ ಅಗಲ ಒಂದೇ ಸಮ ಇಲ್ಲದ್ದರಿಂದ ಸ್ಪ್ರಿಂಗ್ ತನ್ನಷ್ಟಕ್ಕೆ ನಡುಗುವುದೂ ಕಡಿಮೆ.

ಇನ್ನೊಂದು ಬಲೆ: ಕ್ಯಾಟಲಾಗ್‌ನಲ್ಲಿ 0.600 ಲಿಫ್ಟ್‌ಗೆ ಅಂತ ಬರೆದ ದುಬಾರಿ ಸ್ಪ್ರಿಂಗ್ ತಂದು ಹಾಕುವುದು. ನಮ್ಮ ಲಿಫ್ಟ್‌ನಲ್ಲಿ ಅದರ ಸುತ್ತುಗಳು ಒಂದಕ್ಕೊಂದು ತಾಗಲು ಇನ್ನೂ ಕಾಲು ಇಂಚು ಉಳಿದಿರುತ್ತದೆ. ಅಷ್ಟು ಸಡಿಲ ಇದ್ದರೆ ಸ್ಪ್ರಿಂಗ್ ಒಳಗೇ ಅಲೆ ಎದ್ದು ಒತ್ತಡ ಏರಿಳಿಯುತ್ತದೆ. ಪೂರ್ತಿ ತೆರೆದಾಗ ಸುತ್ತುಗಳ ಮಧ್ಯೆ ಒಟ್ಟು 0.060ರಿಂದ 0.100 ಜಾಗ ಉಳಿಯುವ ಹಾಗೆ ಆರಿಸಿದರೆ ಆ ಅಲೆ ತಾನೇ ತಣಿಯುತ್ತದೆ. 0.060ಕ್ಕಿಂತ ಕಡಿಮೆ ಬೇಡ. ರಿಟೇನರ್ ಮತ್ತು ಸೀಲ್ ನಡುವೆಯೂ ಅಷ್ಟು ಜಾಗ ಇರಲಿ. 16ರ ಇನ್‌ಸ್ಟಾಲ್ಡ್ ಹೈಟ್ (ವಾಲ್ವ್ ಮುಚ್ಚಿದಾಗಿನ ಸ್ಪ್ರಿಂಗ್ ಎತ್ತರ) ಅಡಿಗೆ ಶಿಮ್ ಬಿಲ್ಲೆ ಹಾಕಿ ಸಮ ಮಾಡಿ, ಒಂದೊಂದನ್ನೂ ಟೆಸ್ಟರ್‌ನಲ್ಲಿ ಒತ್ತಿ ನೋಡಿ ಬರೆದಿಡಿ. ರಿಟೇನರನ್ನು ಸ್ಟೆಮ್‌ಗೆ ಹಿಡಿಸುವ ಲಾಕ್‌ಗಳು ಹೊಸದಾಗಿರಲಿ, ಹಳೆಯದರಲ್ಲಿ ಉಳಿಸೋದು ಏನೂ ಇಲ್ಲ.

ಲಿಫ್ಟರ್ ಮತ್ತು ಅಡ್ಜಸ್ಟ್‌ಮೆಂಟ್

ಸ್ಪೆಸಿಫಿಕೇಷನ್ ಹೈಡ್ರಾಲಿಕ್ ಅಂದರೆ ಹೈಡ್ರಾಲಿಕ್ಕೇ. ಎಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿದ್ದ ಯುಸಿಇ ಬುಲೆಟ್‌ಗಳಲ್ಲಿ ಟ್ಯಾಪೆಟ್ ಸೆಟ್ ಮಾಡುವ ಕೆಲಸ ತಪ್ಪಿದ್ದು ಇಂಥದೇ ಲಿಫ್ಟರ್‌ನಿಂದ. ಒಳಗಿನ ಪ್ಲಂಜರ್ ಎಣ್ಣೆಯ ಒತ್ತಡದಿಂದ ಸಡಿಲವನ್ನು ತಾನೇ ತುಂಬಿಕೊಳ್ಳುತ್ತದೆ. ರಸ್ತೆಯಲ್ಲಿ ಅದು ವರ. ರೇಸ್‌ನಲ್ಲಿ ಸ್ಪ್ರಿಂಗ್ ಹಿಡಿತ ತಪ್ಪಿ ವಾಲ್ವ್ ಒಂದು ಕ್ಷಣ ತೇಲಿದರೆ ಪ್ಲಂಜರ್ ಆ ಸಡಿಲವನ್ನೂ ತುಂಬಿಕೊಂಡು ವಾಲ್ವ್ ಪೂರ್ತಿ ಮುಚ್ಚದ ಹಾಗೆ ಮಾಡುತ್ತದೆ. ಅದಕ್ಕೇ ಪ್ಲಂಜರನ್ನು ಅದರ ಮೇಲಿನ ಕೊನೆಯ ಹತ್ತಿರ ಇಡುತ್ತಾರೆ, ಗಟ್ಟಿ ಲಾಕ್ ರಿಂಗ್ ಇರುವ ಲಿಫ್ಟರ್ ಹಾಕುತ್ತಾರೆ.

ಎಷ್ಟು ಹತ್ತಿರ? ಫ್ಯಾಕ್ಟರಿ ಪುಸ್ತಕ ಝೀರೋ ಲ್ಯಾಶ್ ಆದ ಮೇಲೆ ಒಂದು ಸುತ್ತು ಅನ್ನುತ್ತದೆ. 3/8 ಸ್ಟಡ್‌ನಲ್ಲಿ ಇಂಚಿಗೆ 24 ಮರೆ, ಹಾಗಾಗಿ ಒಂದು ಸುತ್ತಿಗೆ ಬಾಲ್ ಇಳಿಯುವುದು 42 ಥೌ. ವಾಲ್ವ್ ತುದಿ ಅಲುಗದ ಕಾರಣ ಪುಶ್‌ರಾಡ್ ಕಡೆ ಅದು ಇನ್ನೂ ಹೆಚ್ಚಾಗಿ, ಸುಮಾರು 69 ಥೌ ಆಗುತ್ತದೆ. ಪ್ಲಂಜರ್ ಅಷ್ಟು ಕೆಳಗೆ ಹೋಗಿರುತ್ತದೆ. ರೇಸ್‌ಗೆ ಎಂಟನೇ ಒಂದು ಸುತ್ತು ಕೊಟ್ಟರೆ 9 ಥೌ. ನಾನು ಅಲ್ಲಿಂದ ಕಾಲು ಸುತ್ತಿನ ಒಳಗೇ ಇರಿ ಅನ್ನುತ್ತೇನೆ. ಇಷ್ಟು ಸಣ್ಣ ಅಳತೆ ಉಳಿಯಬೇಕಾದರೆ ನಟ್ ಸಡಿಲ ಆಗಬಾರದು, ಆದ್ದರಿಂದ ಸಾಧ್ಯ ಇದ್ದಲ್ಲಿ ನಡುವೆ ಲಾಕ್ ಸ್ಕ್ರೂ ಇರುವ ಪಾಲಿಲಾಕ್ ಹಾಕಿ.

ಸೆಟ್ ಮಾಡುವ ಕ್ರಮ: ಒಂದು ಸಿಲಿಂಡರ್‌ನ ಎಕ್ಸಾಸ್ಟ್ ತೆರೆಯಲು ಶುರು ಆದಾಗ ಅದರ ಇನ್‌ಟೇಕ್ ಸೆಟ್ ಮಾಡಿ. ಇನ್‌ಟೇಕ್ ಪೂರ್ತಿ ತೆರೆದು ಮುಚ್ಚುವ ಹಂತಕ್ಕೆ ಬಂದಾಗ ಎಕ್ಸಾಸ್ಟ್. 1-8-4-3-6-5-7-2 ಫೈರಿಂಗ್ ಆರ್ಡರ್‌ನಲ್ಲಿ ಹೋದರೆ ಕ್ರ್ಯಾಂಕ್ ತಿರುಗಿಸುವ ಕೆಲಸ ಕಡಿಮೆ.

ಬೇರೆ ಎಂಜಿನ್ ಇದ್ದವರಿಗೆ

ಬಿಗ್ ಬ್ಲಾಕ್ ಶೆವಿಯದ್ದು ಇದೇ ಕಥೆ, ಅನುಪಾತ 1.7, ಸ್ಟಡ್ 7/16. ಇನ್‌ಟೇಕ್, ಎಕ್ಸಾಸ್ಟ್ ಪುಶ್‌ರಾಡ್ ಉದ್ದ ಬೇರೆ ಬೇರೆ, ಅದಲು ಬದಲು ಮಾಡಬೇಡಿ. ಹಳೇ ಕ್ರೈಸ್ಲರ್ ಸ್ಮಾಲ್ ಬ್ಲಾಕ್‌ನಲ್ಲಿ ಒಂದು ಹೆಡ್‌ನ ರಾಕರ್‌ಗಳೆಲ್ಲ ಒಂದೇ ಶಾಫ್ಟ್ ಮೇಲೆ, ಅನುಪಾತ 1.5. ಬಹುತೇಕ ಅಡ್ಜಸ್ಟ್ ಮಾಡುವ ಸ್ಕ್ರೂ ಇರುವುದಿಲ್ಲ, ಹಾಗಾಗಿ ಲಿಫ್ಟರ್ ಪ್ರಿಲೋಡ್ (ಪ್ಲಂಜರ್ ಎಷ್ಟು ಕೆಳಗೆ ಒತ್ತಿರಬೇಕು ಅನ್ನೋದು) ಪೂರ್ತಿ ಪುಶ್‌ರಾಡ್ ಉದ್ದದಿಂದಲೇ ಬರಬೇಕು. ಶಾಫ್ಟ್ ಅಡಿಭಾಗದ ಸವೆತ ನೋಡಿ, ಅಲ್ಲೇ ಲಿಫ್ಟ್ ಕಳೆದುಹೋಗುತ್ತದೆ. ಫೋರ್ಡ್ 351 ಕ್ಲೀವ್‌ಲ್ಯಾಂಡ್ 1.73.

ಶೆವಿಯ ಹೊಸ ಪೀಳಿಗೆಯ ಎಲ್‌ಎಸ್ ಎಂಜಿನ್‌ನ 1.7 ಫ್ಯಾಕ್ಟರಿ ರಾಕರ್ ನಿಜಕ್ಕೂ ಒಳ್ಳೆಯದು. ತುದಿ ಹಗುರ, ಅನುಪಾತ ಒಂದೇ ಸಮ. ಅದರ ಕಾಯಿಲೆ ಒಂದೇ, ರಾಕರ್ ತೂಗುವ ಅಡ್ಡ ಗೂಟವಾದ ಟ್ರನಿಯನ್‌ನ ಸೂಜಿ ಬೇರಿಂಗ್ ಹೊರಗೆ ಜಾರಿ ಎಣ್ಣೆ ತೊಟ್ಟಿಗೆ ಬೀಳುವುದು. ಟ್ರನಿಯನ್ ಕಿಟ್ ಒಪ್ಪುತ್ತಾರಾ ಅಂತ ಕೇಳಿ ಹಾಕಿಸಿ. ಬೋಲ್ಟ್ 22 ಪೌಂಡ್-ಅಡಿ ಟಾರ್ಕ್.

ಮೊದಲ ಸ್ಟಾರ್ಟ್ ಮತ್ತು ಆಮೇಲೆ

ಬಾಲ್‌ಗಳಿಗೆ, ಸ್ಟೆಮ್ ತುದಿಗೆ, ಪುಶ್‌ರಾಡ್ ತುದಿಗಳಿಗೆ ಮಾಲಿಬ್ಡಿನಮ್ ಅಸೆಂಬ್ಲಿ ಪೇಸ್ಟ್ ಧಾರಾಳವಾಗಿ ಹಚ್ಚಿ. ಡಿಸ್ಟ್ರಿಬ್ಯೂಟರ್ ಜಾಗದಿಂದ ಡ್ರಿಲ್ ಹಾಕಿ ಆಯಿಲ್ ಪಂಪ್ ತಿರುಗಿಸಿ, ಜೊತೆಗೆ ಕ್ರ್ಯಾಂಕನ್ನೂ ಆಗಾಗ ತಿರುಗಿಸುತ್ತಾ, 16 ರಾಕರ್‌ನಲ್ಲೂ ಎಣ್ಣೆ ಬರುವವರೆಗೆ ಕಾಯಿರಿ. ಒಂದರಲ್ಲಿ ಬರದಿದ್ದರೂ ಸ್ಟಾರ್ಟ್ ಮಾಡಬೇಡಿ. ಡಬಲ್ ಸ್ಪ್ರಿಂಗ್ ಇದ್ದರೆ ಒಳಗಿನದು ತೆಗೆದಿಟ್ಟು ಬ್ರೇಕ್-ಇನ್ ಮಾಡಿ. ಝಿಂಕ್ ಜಾಸ್ತಿ ಇರುವ ಎಣ್ಣೆ, ಸ್ಟಾರ್ಟ್ ಆದ ಕೂಡಲೇ 2000ರಿಂದ 2500 ಆರ್‌ಪಿಎಂ, ಸುಮಾರು 20 ನಿಮಿಷ. ಐಡಲ್‌ನಲ್ಲಿ ಬಿಟ್ಟು ಕಾರ್ಬ್ಯುರೇಟರ್ ಜೊತೆ ಆಟ ಆಡಿದರೆ ಹೊಸ ಕ್ಯಾಮ್ ಅಲ್ಲೇ ಮುಗಿಯಿತು.

ಎಲಿಮಿನೇಷನ್ ಸುತ್ತುಗಳಲ್ಲಿ ಸ್ಟಾಕ್ ಕಾರು ಹೆಚ್ಚಾಗಿ ಓಡೋದು ಡಯಲ್-ಇನ್ ಮೇಲೆ, ಅಂದರೆ ಚಾಲಕ ಮೊದಲೇ ಹೇಳಿದ ಸಮಯದ ಮೇಲೆ. ಹೇಳಿದ ಸಮಯಕ್ಕಿಂತ ಬೇಗ ಹೋದರೆ ಬ್ರೇಕ್‌ಔಟ್ ಅಂತ ಸೋಲು, ತಡವಾದರೆ ಪಕ್ಕದವನು ಮುಂದೆ. ಹವಾಮಾನ ಬದಲಾಗದೆ ಕಾರಿನ ಸಮಯ ಸುಮ್ನೆ ಏರಿಳಿದರೆ, ಕಾರ್ಬ್ಯುರೇಟರ್‌ನ ಜೆಟ್ ಬದಲಿಸುವ ಮುಂಚೆ ವಾಲ್ವ್ ಕವರ್ ಬಿಚ್ಚಿ. ಒಂದು ಪಾಲಿಲಾಕ್ ಸಡಿಲ ಇದೆಯಾ, ಒಂದು ಸ್ಟಡ್ ಎದ್ದಿದೆಯಾ, ಒಂದು ಪುಶ್‌ರಾಡ್‌ಗೆ ಪಕ್ಕದಲ್ಲಿ ಹೊಳೆಯುವ ಉಜ್ಜಿದ ಗುರುತು ಬಂದಿದೆಯಾ ನೋಡಿ. ಪ್ರತಿ ರೇಸ್ ಮುಗಿದ ಮೇಲೆ ಹೆಡ್ ಮೇಲೇ ಇಟ್ಟು ಒತ್ತುವ ಟೆಸ್ಟರ್‌ನಲ್ಲಿ ಸೀಟ್ ಒತ್ತಡ ನೋಡಿ, ಮೊದಲ ದಿನ ಬರೆದ ಸಂಖ್ಯೆ ಪಕ್ಕದಲ್ಲಿ ಬರೆಯಿರಿ. 110 ಇದ್ದದ್ದು 100ಕ್ಕೆ ಇಳಿದ ಸ್ಪ್ರಿಂಗ್ ಬದಲಿಸಿ. ಮೂರ್ನಾಲ್ಕು ಇಳಿದಿದ್ದರೆ ಪೂರ್ತಿ ಸೆಟ್ಟನ್ನೇ ಬದಲಿಸಿ, ಉಳಿದವೂ ಅದೇ ದಾರಿಯಲ್ಲಿವೆ.